ಪರದೆಯ ಮೇಲೆ ತೊಂಬತ್ತಾರು

ಮಾರ್ಚ್ ತಿಂಗಳ ಎರಡನೇ ಸೋಮವಾರ ಉಡುಪು ಪಾರ್ಕಿನ ಮೂರನೇ ಹಾಲಿನಲ್ಲಿ ಹಾಡಿನ ವೇಗವನ್ನು ನಿಮಿಷಕ್ಕೆ ತೊಂಬತ್ತಾರು ಹೊಡೆತದಿಂದ ನೂರ ಐದಕ್ಕೆ ಏರಿಸಲಾಯಿತು. ಹೊಲಿಯುವವರಿಗೆ ಹೇಳಲಿಲ್ಲ. ಹಾಡು ಕೂಡಿಸುವವಳಿಗೂ ಹೇಳಲಿಲ್ಲ. ಪರದೆಯ ಮೇಲಿನ ಅಂಕಿ ತೊಂಬತ್ತಾರಾಗಿಯೇ ಉಳಿಯಿತು. ಮುಂದಿನ ಐದು ವಾರಗಳಲ್ಲಿ ಹದಿಮೂರು ಹೆಂಗಸರು ಮಿಷನ್ನಿನ ಮೇಲೆ ಕುಸಿದು ಬಿದ್ದರು. ಹದಿಮೂರನೆಯವಳು ಚಂದ್ರಕಲಾ. ಅವಳಿಗೆ ಐದು ತಿಂಗಳಾಗಿತ್ತು. ಮಗು ಹೋಯಿತು. ಕಂಪನಿಯ ಪುಸ್ತಕದಲ್ಲಿ ಕಾರಣ ಬರೆಯುವ ಜಾಗದಲ್ಲಿ ‘ಬಿಸಿಲು’ ಎಂದು ಬರೆದರು.

ಹಾಡು ಕೂಡಿಸುವವಳ ಹೆಸರು ದೇವೀರಿ. ಚಂದ್ರಕಲಾ, ಮನೆಯವರಿಗೆ ಚಂದ್ರಿ, ಅವಳ ಒಡಹುಟ್ಟಿದ ತಂಗಿ.

ಮದ್ದೂರು ದಾಟಿ ಹೆದ್ದಾರಿಯ ಎಡಕ್ಕೆ ಹೊರಳಿದರೆ ಆ ಪಾರ್ಕು. ಹೆಸರಿಗೆ ಪಾರ್ಕು, ಒಂದು ಗಿಡವಿಲ್ಲ. ಮೂರನೇ ಹಾಲೆಂದರೆ ನೂರ ಹದಿನಾಲ್ಕು ಹೊಲಿಗೆ ಮಿಷನ್ನು, ನೂರ ಹದಿನಾಲ್ಕು ಹೆಂಗಸರು, ಮೇಲೆ ತಗಡಿನ ಸೂರು. ಹಾಲಿನ ಒಂದು ತುದಿಗೆ ಆಳೆತ್ತರದ ಅಟ್ಟ, ಅಟ್ಟದ ಮೇಲೆ ಗಾಜಿನ ಕೋಣೆ. ದೇವೀರಿ ಕೂರುವುದು ಅಲ್ಲಿ. ಆ ಬಾಗಿಲು ಕಾರ್ಡು ತೋರಿಸಿದರೆ ತೆರೆಯುತ್ತದೆ. ಕಾರ್ಡು ಅವಳ ಹತ್ತಿರ ಇಲ್ಲ. ಬೆಳಿಗ್ಗೆ ಆರೂಮುಕ್ಕಾಲಿಗೆ ಸೂಪರ್‌ವೈಸರು ಒಳಗೆ ಬಿಡುತ್ತಾನೆ, ಸಂಜೆ ಆರೂವರೆಗೆ ಹೊರಗೆ ಬಿಡುತ್ತಾನೆ. ನಡುವೆ ಉಚ್ಚೆಗೆ ಹೋಗಬೇಕೆಂದರೂ ಗಾಜು ಬಡಿಯಬೇಕು. ಒಳಗಿನ ಮಾತು ಹೊರಗೆ ಕೇಳದು, ಹೊರಗಿನದು ಒಳಗೆ ಕೇಳದು.

ಕೋಣೆಯ ನಡುವೆ ಮೇಜು, ಮೇಜಿನ ಮೇಲೆ ಒಂದು ಹಳೇ ಮನೆ-ಕಂಪ್ಯೂಟರು. ದೇವೀರಿಯ ಅವ್ವ ಲಂಗ ಉಡುತ್ತಿದ್ದ ಕಾಲದ್ದು. ಕೀಲಿಮಣೆಯೇ ಅದರ ಮೈ. ಬೆನ್ನಿನಿಂದ ಒಂದು ವೈರು ಹಳೇ ಟಿವಿಗೆ, ಇನ್ನೊಂದು ಕ್ಯಾಸೆಟ್ ಪ್ಲೇಯರಿಗೆ. ಕರೆಂಟು ಹೋದರೆ ಅದರ ನೆನಪೂ ಹೋದಂತೆ. ದಿನಾ ಬೆಳಿಗ್ಗೆ ಕ್ಯಾಸೆಟ್ಟಿನಿಂದ ಪ್ರೋಗ್ರಾಮನ್ನು ಅದಕ್ಕೆ ಕುಡಿಸಬೇಕು, ಹಸುಗೂಸಿಗೆ ಒಳಲೆಯಲ್ಲಿ ಹಾಲು ಕುಡಿಸಿದ ಹಾಗೆ. ನಾಲ್ಕೂವರೆ ನಿಮಿಷ ಕ್ಯಾಸೆಟ್ಟು ಕೀರಲು ದನಿಯಲ್ಲಿ ಕಿರುಚುತ್ತದೆ, ಪೆಟ್ಟಿಗೆ ಕೇಳಿಸಿಕೊಳ್ಳುತ್ತದೆ. ಆಮೇಲೆ ಅದು ಸೀಕ್ವೆನ್ಸರು. ಎಂದರೆ, ಯಾವ ದನಿ ಯಾವ ಕ್ಷಣಕ್ಕೆ ಹೊರಡಬೇಕು ಎಂದು ದೇವೀರಿ ಸಾಲುಸಾಲಾಗಿ ಬರೆದಿಟ್ಟಿದ್ದನ್ನು ಓದುತ್ತ, ವಾದ್ಯಗಳಿಗೆ ‘ಈಗ, ಈಗ, ಈಗ’ ಎಂದು ಹೇಳುವ ಮೇಸ್ತ್ರಿ.

ಈ ವಿದ್ಯೆಯನ್ನು ಅವಳಿಗೆ ಕಲಿಸಿದವರು ಮಂಡ್ಯದ ಪೇಟೆಬೀದಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಅನ್ವರ್ ಸಾಬರು. ಸಾಬರು ಹರೆಯದಲ್ಲಿ ಮದುವೆ ಮನೆಯ ಆರ್ಕೆಸ್ಟ್ರಾಕ್ಕೆ ಇಂಥ ಪೆಟ್ಟಿಗೆಯಿಂದಲೇ ತಾಳ ಹಾಕಿಸಿದವರು. ಹದಿನೇಳರ ದೇವೀರಿ ಬೆಸುಗೆ ಹಾಕಲು ಅಂಗಡಿ ಸೇರಿದಳು, ವರ್ಷ ತುಂಬುವುದರೊಳಗೆ ಪೆಟ್ಟಿಗೆಗೆ ಅಂಟಿಕೊಂಡಳು. “ಇದರ ಗಂಟಲಲ್ಲಿ ಮೂರೇ ದನಿ ಇರೋದು ದೇವೀರಮ್ಮಾ,” ಎನ್ನುತ್ತಿದ್ದರು ಸಾಬರು. “ಮೂರರಲ್ಲಿ ನಾಲ್ಕನೇದು ಕೇಳಿಸಬೇಕು. ಅದೇ ಕಸುಬು.” ಒಂದೇ ದನಿಯನ್ನು ಎರಡು ಸ್ವರಗಳ ನಡುವೆ ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತು ಸಲ ಓಡಾಡಿಸಿದರೆ ಎರಡು ಜನ ಹಾಡಿದಂತೆ ಕೇಳುತ್ತದೆ. ಬರೀ ಗರಗರ ಸದ್ದನ್ನು ಚೂರು ಚೂರು ಕತ್ತರಿಸಿದರೆ ಗೆಜ್ಜೆಯಾಗುತ್ತದೆ. ಮೊದಲ ಸಲ ಆ ಗೆಜ್ಜೆ ಟಿವಿಯಿಂದ ಬಂದಾಗ ದೇವೀರಿ ಅಂಗಡಿಯಲ್ಲೇ ಎದ್ದು ನಿಂತು ಕುಣಿದಿದ್ದಳು. ಸಾಬರು ಹೋದರು, ಅಂಗಡಿ ಹೋಯಿತು. ಪೆಟ್ಟಿಗೆ ಅವಳಿಗೆ ಉಳಿಯಿತು.

ಇಂಥ ಗುಜರಿ ಸಾಮಾನನ್ನು ಕಂಪನಿ ಯಾಕೆ ಹುಡುಕಿಕೊಂಡು ಬಂತು? ಪಾರ್ಶ್ವವಾಯು ಹೊಡೆದವರನ್ನು ತಾಳ ಕೇಳಿಸಿ ನಡೆಸುವ ಒಂದು ಪ್ರಯೋಗಾಲಯವಿತ್ತು. ಹೊಸ ಕಂಪ್ಯೂಟರಿನ ತಾಳಕ್ಕೆ ತಡವರಿಸುತ್ತಿದ್ದ ರೋಗಿಗಳು, ಯಾರೋ ತಮಾಷೆಗೆ ತಂದಿಟ್ಟ ಹಳೇ ಪೆಟ್ಟಿಗೆಯ ತಾಳಕ್ಕೆ ಸಲೀಸಾಗಿ ಹೆಜ್ಜೆ ಹಾಕಿದರು. ಹೊಸ ಕಂಪ್ಯೂಟರು ಹತ್ತು ಮನೆ ಕೆಲಸ ಒಪ್ಪಿಕೊಂಡ ಹೆಂಗಸಿನಂತೆ. ಎಲ್ಲ ಮನೆಗೂ ಬರುತ್ತಾಳೆ, ಎಲ್ಲ ಮನೆಗೂ ಚೂರು ತಡವಾಗಿ ಬರುತ್ತಾಳೆ. ಆ ತಡ ಸೆಕೆಂಡಿನ ಸಾವಿರದ ಕೆಲವೇ ಪಾಲು. ಕಿವಿಗೆ ಗೊತ್ತಾಗದು, ಮೈಗೆ ಗೊತ್ತಾಗುತ್ತದೆ. ಹಳೇ ಪೆಟ್ಟಿಗೆಗೆ ಒಂದೇ ಮನೆ, ಒಂದೇ ಕೆಲಸ. ಅದರ ಹೊಡೆತ ಕೂದಲೆಳೆಯಷ್ಟೂ ಅಲುಗದು. ಹಾಗೆ ಅಲುಗದ ಹೊಡೆತವನ್ನು ಏಳು ನಿಮಿಷ ಕೇಳಿದರೆ ಉಸಿರು, ನಾಡಿ, ಕೈ ಮೂರೂ ಅದಕ್ಕೆ ಗಂಟು ಬೀಳುತ್ತವೆ. ಇದಕ್ಕೆ ಅವರು ‘ಎಳೆತ’ ಎಂದು ಹೆಸರಿಟ್ಟರು. ಬಿದ್ದವರನ್ನು ಎಬ್ಬಿಸಲು ಕಂಡುಹಿಡಿದದ್ದು. ಕಂಪನಿ ಅದನ್ನು ಕೊಂಡು ತಂದು, ನಿಂತವರನ್ನು ಬೀಳಿಸುವವರೆಗೆ ಓಡಿಸಲು ಬಳಸಿತು.

ಕಿವಿಗೆ ಹತ್ತಿ ತುರುಕಿಕೊಂಡು ಉಪಯೋಗವಿಲ್ಲ. ಪ್ರತಿ ಸ್ಟೂಲಿನ ಅಡಿಗೂ ಸ್ಪೀಕರು ಬಿಗಿದಿದ್ದಾರೆ. ಹೊಡೆತ ಬೆನ್ನುಮೂಳೆಯಿಂದ ಹತ್ತುತ್ತದೆ. ಹದಿನಾರು ಹೊಡೆತಕ್ಕೆ ಒಂದು ಕಾಲರು ಮುಗಿಯಬೇಕು. ಮುಗಿದು ಸೂಜಿ ನಿಂತಾಗಲೆಲ್ಲ ಒಂದು ಸಣ್ಣ ಮಿಡಿತ ವೈರಿನಲ್ಲಿ ಹರಿದು ಗಾಜಿನ ಕೋಣೆಯ ಗೋಡೆಗೆ ಬರುತ್ತದೆ, ಯಾರು ಎಷ್ಟು ಹೊಲಿದರೆಂದು ಎಣಿಸಲು. ಗೋಡೆಯ ತುಂಬ ನೂರ ಹದಿನಾಲ್ಕು ತೂತು, ಒಂದೊಂದಕ್ಕೂ ನಂಬರು.

ಹಿಂದಿನ ವರ್ಷ ಹೆಂಗಸರು ಎರಡು ದಿನ ಗೇಟಿನ ಮುಂದೆ ಬಿಸಿಲಲ್ಲಿ ಕೂತು ಒಂದು ಒಪ್ಪಂದ ಗಿಟ್ಟಿಸಿದ್ದರು. ವೇಗ ತೊಂಬತ್ತಾರು ದಾಟಕೂಡದು. ಅಂಕಿ ಎಲ್ಲರಿಗೂ ಕಾಣುವಂತೆ ಗಾಜಿನ ಕೋಣೆಯ ಹೊರಮೈಗೆ ದೊಡ್ಡ ಪರದೆಯಲ್ಲಿ ತೋರಿಸಬೇಕು. ಹಾಡು ಕೂಡಿಸುವವಳು ದಿನಾ ರುಜು ಹಾಕಬೇಕು. ದೇವೀರಿ ದಿನಾ ಹಾಕಿದಳು.

ಮಾರ್ಚ್ ತಿಂಗಳ ಆ ಸೋಮವಾರ ಬೆಳಿಗ್ಗೆ ಪೆಟ್ಟಿಗೆ ಕ್ಯಾಸೆಟ್ಟನ್ನು ಕುಡಿಯಲಿಲ್ಲ. ಎರಡು ಸಲ ಉಗಿಯಿತು. ಟಿವಿಯ ಚಿತ್ರವೂ ಮೇಲಿಂದ ಕೆಳಕ್ಕೆ ಉರುಳತೊಡಗಿತು. ದೇವೀರಿ ರಿಪೇರಿ ಅಂಗಡಿಯವಳು. ರಿಪೇರಿಯವರ ಬುದ್ಧಿಯೇ ಓಡಿತು. ಪ್ಲೇಯರಿನ ಬೆಲ್ಟು ಹಳತಾಗಿ ಸಡಿಲವಾಗಿದೆ, ಕ್ಯಾಸೆಟ್ಟು ನಿಧಾನ ತಿರುಗುತ್ತಿದೆ ಅಂದುಕೊಂಡಳು. ಮೋಟಾರಿನ ವೇಗದ ತಿರುಪನ್ನು ಸಣ್ಣ ಸ್ಕ್ರೂಡ್ರೈವರಿನಲ್ಲಿ ಕಾಲು ಸುತ್ತು ಮುಂದಕ್ಕೆ ತಿರುಗಿಸಿದಳು. ಪೆಟ್ಟಿಗೆ ಗಟಗಟ ಕುಡಿಯಿತು. ಟಿವಿಗೂ ವಯಸ್ಸಾಯಿತೆಂದು ಅದರ ತಿರುಪನ್ನೂ ತಿರುಗಿಸಿದಳು. ಚಿತ್ರ ನಿಂತಿತು. ತನ್ನ ಕೈಚಳಕಕ್ಕೆ ತಾನೇ ಮೆಚ್ಚಿ ಒಂದು ಲೋಟ ಚಹಾ ಜಾಸ್ತಿ ಕುಡಿದಳು.

ಎರಡು ಹಳೇ ಸಾಮಾನು ಒಟ್ಟಿಗೆ ಅವಳ ಹತ್ತಿರ ದೂರು ಹೇಳಿದ್ದವು. ಅವಳು ಎರಡರ ಬಾಯನ್ನೂ ಮುಚ್ಚಿಸಿದಳು.

*

ಕಂಪನಿಯ ಕ್ವಾರ್ಟರ್ಸೆಂದರೆ ಒಂದು ಕೋಣೆ, ಒಂದು ಕಿಟಕಿ, ಕಿಟಕಿಯಾಚೆ ಮೂರನೇ ಹಾಲಿನ ಹಿಂಗೋಡೆ. ಆಸ್ಪತ್ರೆಯಿಂದ ಬಂದ ಹನ್ನೊಂದನೇ ದಿನ, ಭಾನುವಾರ ಮಧ್ಯಾಹ್ನ, ಚಂದ್ರಿ ಈಳಿಗೆಮಣೆ ಬೇಡವೆಂದು ಚಾಕು ಹಿಡಿದು ಹುರುಳಿಕಾಯಿ ಹೆಚ್ಚುತ್ತಿದ್ದಳು. ದೇವೀರಿ ಗೋಡೆಗೆ ಒರಗಿ ಕಾಲು ಚಾಚಿದ್ದಳು.

“ನಿದಾನಕ್ಕೆ ಕುಯ್ಯವ್ವ ಚಂದ್ರಿ. ಯಾರ್ ಅಟ್ಟಿಸ್ಕೊಂಡು ಬತ್ತಾವ್ರೆ?”

“ನಾನೆಲ್ಲಿ ಬಿರ್ರನೆ ಕುಯ್ತಿವ್ನಿ? ಕೈ ಅದರ ಪಾಡಿಗೆ ಅದು ಹೋಯ್ತದೆ ಕಣಕ್ಕ.”

“ಕೈಗೆ ಹೇಳು, ಇವತ್ತು ಭಾನ್ವಾರ ಅಂತ.”

ಚಂದ್ರಿ ನಕ್ಕಳು. ಕೈ ನಗಲಿಲ್ಲ. ಟಕ್, ಟಕ್, ಟಕ್. ಹಲಗೆಯ ಮೇಲೆ ಬೀಳುವ ಚಾಕುವಿನ ಸದ್ದಿನಲ್ಲಿ ಒಂದೂ ಹಿಂದೆ ಮುಂದೆ ಇಲ್ಲ.

“ಆಸ್ಪತ್ರೇಲೂ ಹಿಂಗೇಯ,” ಅಂದಳು ಚಂದ್ರಿ. “ಆ ನರ್ಸಮ್ಮ ಬಂದು ಕಾಲ್ ಅದುಮಿ ಹಿಡ್ಕೊಂಡ್ಲು. ಯಾಕವ್ವ ಮಂಚ ಒದೀತಿದ್ದೀಯೆ, ಪಕ್ಕದೋರು ಮನೀಕೋಬೇಡ್ವಾ ಅಂದ್ಲು. ನಾನು ಒದೀತಿದ್ದೀನಿ ಅಂತ ನಂಗೇ ಗೊತ್ತಿಲ್ಲ ನೋಡು.”

“ಇನ್ನೆರಡ್ ದಿನ ಸುದಾರ್ಸ್ಕೊ. ಹೋಯ್ತದೆ.”

“ಅಕ್ಕ.” ಚಂದ್ರಿ ತಲೆ ಎತ್ತಲಿಲ್ಲ. “ಹೊಟ್ಟೇಲಿದ್ದಾಗ ಅದೂ ಹಂಗೇ ಒದೀತಿತ್ತು. ಮದ್ಯಾನದ ಮೇಲೆ. ಒಂಚೂರೂ ತಪ್ದಂಗೆ. ನಿನ್ ಹಾಡಿಗೆ.”

ದೇವೀರಿಯ ಕೈಗೆ ಏನಾದರೂ ಕೆಲಸ ಬೇಕಾಯಿತು. ಮಣಿಕಟ್ಟಿನಲ್ಲಿ ಅನ್ವರ್ ಸಾಬರ ಹಳೇ ವಾಚಿತ್ತು. ಸೆಕೆಂಡಿನ ಮುಳ್ಳು ನೋಡುತ್ತ ಟಕ್‌ಟಕ್ ಎಣಿಸಿದಳು. ತೊಂಬತ್ತಾರಾದರೆ ಹದಿನೈದು ಸೆಕೆಂಡಿಗೆ ಇಪ್ಪತ್ತನಾಲ್ಕು ಬರಬೇಕು. ಇಪ್ಪತ್ತಾರು ದಾಟಿತು. ಮತ್ತೆ ಎಣಿಸಿದಳು. ಪೂರ್ತಿ ನಿಮಿಷ ಎಣಿಸಿದಳು. ನೂರ ಐದು. ಹುರುಳಿಕಾಯಿ ಮುಗಿಯಿತು; ಚಂದ್ರಿಯ ಚಾಕು ಬರೀ ಹಲಗೆಯ ಮೇಲೆ ಇನ್ನೂ ನಾಲ್ಕೈದು ಸಲ ಬಿದ್ದು ನಿಂತಿತು.

ದೇವೀರಿ ತನ್ನ ಕಾಲಿನ ಕಡೆ ನೋಡಿಕೊಂಡಳು. ಹೆಬ್ಬೆರಳು ಚಾಪೆಯನ್ನು ತಟ್ಟುತ್ತಿತ್ತು. ಅದೂ ನೂರ ಐದೇ.

*

ಸೋಮವಾರ ಕೋಣೆಯೊಳಕ್ಕೆ ಹೋದವಳೇ ಪೆಟ್ಟಿಗೆಯನ್ನು ಬೋರಲು ಹಾಕಿ ನಾಲ್ಕು ತಿರುಪು ಬಿಚ್ಚಿದಳು. ಒಳಗಿನ ಹಲಗೆಯ ಮೇಲೆ ಬೆಸುಗೆಯೆಲ್ಲ ಬೂದಿ ಬಣ್ಣಕ್ಕೆ ತಿರುಗಿತ್ತು. ಐವತ್ತು ವರ್ಷದ ಬೆಸುಗೆ ಇರಬೇಕಾದದ್ದೇ ಹಾಗೆ. ಒಂದು ಜಾಗದಲ್ಲಿ ಮಾತ್ರ ಎರಡು ಚುಕ್ಕಿ ಬೆಳ್ಳಿಯಂತೆ ಹೊಳೆಯುತ್ತಿದ್ದವು. ಆ ಎರಡು ಚುಕ್ಕಿಯ ಮೇಲೆ ಹುಣಸೆಬೀಜದಷ್ಟು ತಗಡಿನ ಡಬ್ಬಿ. ಅದರೊಳಗೆ ಹರಳು. ಪೆಟ್ಟಿಗೆಯ ಎದೆಬಡಿತ ಹುಟ್ಟುವುದೇ ಆ ಹರಳು ನಡುಗುವುದರಿಂದ. ಪೆಟ್ಟಿಗೆಗೆ ಸೆಕೆಂಡೆಂದರೆ ಎಷ್ಟೆಂದು ಹೇಳುವುದು ಅದೇ. ಹಳೆಯದನ್ನು ಕಿತ್ತು ನೂರಕ್ಕೆ ಒಂಬತ್ತರಷ್ಟು ಚುರುಕಾದ ಹರಳು ಕೂರಿಸಿದ್ದರು. ಪಾಪದ ಪೆಟ್ಟಿಗೆ ತನ್ನ ಲೆಕ್ಕದಲ್ಲಿ ತೊಂಬತ್ತಾರನ್ನೇ ಹೊಡೆಯುತ್ತಿತ್ತು. ಅದರ ನಿಮಿಷವನ್ನೇ ಕದ್ದಿದ್ದರು.

ಪ್ಲೇಯರಿನ ಬೆಲ್ಟಿಗೆ ಏನೂ ಆಗಿರಲಿಲ್ಲ. ಪೆಟ್ಟಿಗೆಯೇ ಓಡತೊಡಗಿದ್ದರಿಂದ ಕ್ಯಾಸೆಟ್ಟೂ ಟಿವಿಯೂ ಅದಕ್ಕೆ ಹಿಂದೆ ಬಿದ್ದಿದ್ದವು. ವೇಗದ ತಿರುಪಿನ ಪಕ್ಕ ಅನ್ವರ್ ಸಾಬರು ಉಗುರುಬಣ್ಣದಲ್ಲಿ ಇಟ್ಟಿದ್ದ ಕೆಂಪು ಗುರುತು ಕಾಣುತ್ತಿತ್ತು. ಅದರಿಂದ ಕಾಲು ಸುತ್ತು ಆಚೆಗೆ ತಿರುಗಿಸಿದ್ದು ದೇವೀರಿಯ ಕೈ. ಕಳ್ಳ ಒಳಗೆ ಬಂದಿದ್ದ. ಅವನ ಕಾಲಿಗೆ ತೊಡರಿದ ಹೊಸ್ತಿಲನ್ನು ಕೆತ್ತಿ ಸರಿ ಮಾಡಿಕೊಟ್ಟವಳು ಅವಳು.

ಗಾಜು ಬಡಿದು ಶ್ರೀನಿಧಿಯನ್ನು ಕರೆಸಿದಳು. ಬೆಂಗಳೂರಿನಿಂದ ಬಂದಿದ್ದ ಇಂಜಿನಿಯರು ಅವನು, ಇಡೀ ಪಾರ್ಕಿನ ಹಾಡಿನ ಉಸ್ತುವಾರಿ ಅವನದು. ದನಿ ಏರಿಸಿ ಮಾತಾಡಿದವನಲ್ಲ, ಯಾರಿಗೂ ಏಕವಚನ ಅಂದವನಲ್ಲ. ಹೊಳೆಯುವ ಬೆಸುಗೆ ನೋಡಿ ಗಾಬರಿಯಾಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತ.

“ಗೊತ್ತಾಗಿಬಿಡ್ತಾ? ನಿಮ್ಮ ಕಣ್ಣು ಚುರುಕು ದೇವೀರಮ್ಮ ಅವ್ರೇ.”

“ಹದಿಮೂರ್ ಜನ ಬಿದ್ರು ಸಾರ್.”

“ಒಂಬತ್ತು ಹೊಡೆತ. ಬರೀ ಒಂಬತ್ತು. ಬಸ್ಸಿಗೆ ಓಡುವಾಗ ನಮ್ಮೆದೆ ಇದಕ್ಕಿಂತ ಜೋರಾಗಿ ಬಡ್ಕೊಳ್ಳುತ್ತೆ.”

“ಬಸ್ಸಿಗೆ ಹನ್ನೊಂದ್ ಗಂಟೆ ಹೊತ್ತು ಯಾರೂ ಓಡಕಿಲ್ಲ ಸಾರ್.”

ಅವನು ಮೇಷ್ಟರು ಪಾಠ ಹೇಳುವಂತೆ, ಬೇಸರವಿಲ್ಲದೆ ಹೇಳಿದ. ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಇಲಾಖೆಯ ಇನ್ಸ್‌ಪೆಕ್ಟರು ಬರುತ್ತಾರೆ. ಹೆಂಗಸರು ಬಿದ್ದದ್ದು ಯಾಕೆಂದು ನೋಡಲು. ಹಾಡು ನಡೆಯುತ್ತಿರಬೇಕು, ಪರದೆಯ ಮೇಲೆ ತೊಂಬತ್ತಾರು ಇರಬೇಕು, ದೇವೀರಮ್ಮ ಅವರ ಎದುರಿಗೆ ರುಜು ಹಾಕಬೇಕು. ಅದಾದ ಮೇಲೆ ಇದೇ ವೇಗ ಏಳೂ ಹಾಲಿಗೆ ಹೋಗುತ್ತದೆ.

“ನಾನೇ ಅವ್ರಿಗೆ ಹೇಳುದ್ರೆ?”

“ಏನಂತ? ಈ ಪೆಟ್ಟಿಗೆ ಬಿಚ್ಚೋಕೆ ಬರೋದು ಇಲ್ಲಿ ನಿಮಗೊಬ್ಬರಿಗೇ ಅಂತ ಇಡೀ ಪಾರ್ಕಿಗೆ ಗೊತ್ತು. ಬೆಸುಗೆ ಹಾಕೋಕೆ ಬರೋದೂ ನಿಮಗೇ. ಐದು ವಾರದ ರುಜುನೂ ನಿಮ್ಮದೇ.” ಅವನು ನಿಜಕ್ಕೂ ಕನಿಕರದಿಂದ ಅಂದ, “ನಿಮ್ಮ ತಂಗಿಯವರದ್ದು ಕೇಳಿ ಬೇಜಾರಾಯ್ತು. ಗುರುವಾರದಿಂದ ಕೆಲಸಕ್ಕೆ ಬರಲಿ. ಬರದಿದ್ರೆ ಆ ಜಾಗ ಹೋಗುತ್ತೆ. ಕ್ವಾರ್ಟರ್ಸೂ ಅವರ ಹೆಸರಲ್ಲೇ ಇದೆ ಅಲ್ವಾ?”

ಬಾಗಿಲು ಅವನ ಕಾರ್ಡಿಗೆ ತೆರೆಯಿತು. ಅವನ ಹಿಂದೆಯೇ ಮುಚ್ಚಿತು.

ದೇವೀರಿ ಪೆಟ್ಟಿಗೆಯ ಮುಚ್ಚಳ ಹಾಕಿದಳು. ಕ್ಯಾಸೆಟ್ಟು ಕಿರುಚಿತು, ಪೆಟ್ಟಿಗೆ ಕುಡಿಯಿತು. ಅವಳೇ ಬರೆದ ಹಾಡು, ಅನ್ವರ್ ಸಾಬರ ಗೆಜ್ಜೆ, ಮೂರರಲ್ಲಿ ಕೇಳುವ ನಾಲ್ಕನೇ ದನಿ, ಎಲ್ಲ ನೂರ ಐದರಲ್ಲಿ ಹೊರಟಿತು. ಗಾಜಿನಾಚೆ ನೂರಾರು ಕೈ ಒಟ್ಟಿಗೆ ಎದ್ದು ಒಟ್ಟಿಗೆ ಬಿದ್ದವು. ಆ ದಿನವೂ ಅವಳು ರುಜು ಹಾಕಿದಳು. ಬೇರೆ ಏನು ಮಾಡಬಹುದೆಂದು ಅವಳಿಗೆ ಆಗ ಹೊಳೆಯಲಿಲ್ಲ.

*

ಬುಧವಾರ ಸಂಜೆ ಬೋರಮ್ಮ ಬಂದಳು, ಸೆರಗಿನ ಕೆಳಗೆ ರಾಗಿ ಹುರಿಹಿಟ್ಟಿನ ಡಬ್ಬಿ ಇಟ್ಟುಕೊಂಡು. ಬೋರಮ್ಮನಿಗೆ ಅರವತ್ತಕ್ಕೆ ಎರಡು ಕಮ್ಮಿ. ಹಾಲಿನ ಕಟ್ಟಕಡೆಯ ಮಿಷನ್ನು, ನೂರ ಹದಿನಾಲ್ಕು, ಅವಳದು. ಮಂಡಿ ನೋವಿನವಳು, ಎಳೆತ ಅವಳನ್ನೂ ಎಳೆಯುತ್ತದೆ, ಆದರೆ ಅವಳು ಸದಾ ಅರ್ಧ ಕಾಲರು ಹಿಂದೆ. ತಿಂಗಳ ಕೊನೆಗೆ ಮನೆಗೆ ಕಳಿಸುತ್ತಾರೆಂದು ಆಗಲೇ ಚೀಟಿ ಕೊಟ್ಟಿದ್ದರು.

“ತಿನ್ನವ್ವ, ರಕ್ತ ಬತ್ತದೆ,” ಎಂದು ಚಂದ್ರಿಯ ಕೈಗೆ ಹುರಿಹಿಟ್ಟಿನ ಉಂಡೆ ಇಟ್ಟಳು. “ನಾಳೆ ಬತ್ತೀಯಂತೆ?”

“ಬರದಿದ್ರೆ ಮನೆ ಬುಡ್ಸ್ತಾರಂತೆ ಬೋರತ್ತೆ.”

“ಬುಡುಸ್ತಾರೆ. ಅವರಪ್ಪನ ಮನೆ ಗಂಟೇನೂ ಹೋಗಕಿಲ್ವಲ್ಲ, ಮಾತು ಬಲು ಸುಲಬ.” ಬೋರಮ್ಮ ಮಂಡಿ ನೀವಿಕೊಳ್ಳುತ್ತ ದೇವೀರಿಯ ಕಡೆ ತಿರುಗಿದಳು. “ನಿಮ್ಮವ್ವನೂ ನಾನೂ ಒಂದೇ ಗುಂಪಲ್ಲಿ ನಾಟಿಗೆ ಹೋಯ್ತಿದ್ದೊ. ಗ್ಯಾನ ಅದಾ ನಿಂಗೆ?”

“ನಾನು ಬದಿನ ಮೇಲೆ ಕೂತ್ಕೊಂಡು ಪೈರಿನ ಕಟ್ಟು ಎಸೀತಿದ್ದೆ.”

“ಹಾಡು ಎತ್ತತಿದ್ದೋಳು ಯಾರು ಹೇಳು ನೋಡುವ?”

“ನೀನೇಯ.”

“ಯಾವಾಗ್ಲೂ ನಾನೇ ಅಲ್ಲ ಕಣೆ, ಮಂಕೆ. ನಮ್ಮ ಗುಂಪಿನ ಕಟ್ಲೆ ಬ್ಯಾರೆ. ಸಾಲಲ್ಲಿ ಯಾರು ಹಿಂದ್ಕೆ ಬಿದ್ಲೋ ಅವ್ಳು ಸೊಲ್ಲು ಎತ್ತಬೇಕು. ಬಸುರಿ ಇರ್ಲಿ, ಮುದುಕಿ ಇರ್ಲಿ, ಜ್ವರ ಬಂದೋಳಿರ್ಲಿ. ಅವ್ಳ ಉಸಿರಿಗೆ ಎಷ್ಟು ಬತ್ತದೋ ಅಷ್ಟೇ ಹಾಡು, ಹಾಡು ಎಷ್ಟೋ ಅಷ್ಟೇ ಕೈ. ಜಮೀನ್ದಾರ ಬದಿನ ಮೇಲೆ ನಿಂತ್ಕೊಂಡು ಬೋ ಅಂತ ಬಾಯ್ ಬಡ್ಕೊಂಡ್ರೂ ಮುಂದ್ಲೋಳು ಒಂದು ಪೈರೂ ಜಾಸ್ತಿ ನೆಡಕಿಲ್ಲ. ನೀನು ಹೊಟ್ಟೇಲಿದ್ದಾಗ ಮೂರ್ ತಿಂಗ್ಳು ನಿಮ್ಮವ್ವನೇ ಎತ್ತುದ್ಲು.” ಬೋರಮ್ಮ ಗುನುಗಿದಳು:

ನಿಂತ್ಕೊಳ್ಳೆ ಮುಂದ್ಲೋಳೆ, ಸೊಲ್ಲು ಕೇಳೆ,
ಹಿಂದ್ಲೋಳ ಕೈಲಿನ್ನೂ ಪೈರವೆ.

ದೇವೀರಿ ವಾಚು ನೋಡಲಿಲ್ಲ. ಅವಳ ಕಾಲಿನ ಹೆಬ್ಬೆರಳು, ಎಷ್ಟೋ ದಿನಗಳ ಮೇಲೆ, ತಟ್ಟುವುದನ್ನು ನಿಲ್ಲಿಸಿತ್ತು.

“ಬೋರತ್ತೆ,” ಅಂದಳು, “ನಾಳೆ ಮದ್ಯಾನದ ಮೇಲೆ ನೀನು ಓಡಬ್ಯಾಡ. ನಿನ್ ಮಂಡಿ ಹೇಳ್ದಂಗೆ ಹೊಲಿ.”

“ಓಡಬ್ಯಾಡ ಅಂದ್ರೆ? ಆ ಸ್ಟೂಲು ಕೇಳ್ತದಾ?”

“ಕೇಳ್ತದೆ,” ಅಂದಳು ದೇವೀರಿ.

*

ಗುರುವಾರ ಒಂದು ಗಂಟೆಗೆ ಊಟದ ಗಂಟೆ ಹೊಡೆಯಿತು. ಹಾಡು ನಿಂತಿತು. ಸೂಪರ್‌ವೈಸರು ಕ್ಯಾಂಟೀನಿಗೆ ಇಳಿದ. ದೇವೀರಿಗಿದ್ದದ್ದು ಅರ್ಧ ಗಂಟೆ. ಬುತ್ತಿ ಬಿಚ್ಚದೆ ಕೀಲಿಮಣೆಗೆ ಕೂತಳು.

ಪ್ರೋಗ್ರಾಮಿನಲ್ಲಿ ಅವಳು ಬದಲಿಸಿದ್ದು ಐದೇ ಸಾಲು. ಇಲ್ಲಿಯವರೆಗೆ ಪೆಟ್ಟಿಗೆ ತನ್ನ ಹರಳನ್ನು ಕೇಳಿ ಹೊಡೆತ ಹಾಕುತ್ತಿತ್ತು. ಇನ್ನು ಮೇಲೆ ಅದು ತನ್ನ ಕಿವಿಯನ್ನು ಕೇಳಬೇಕು. ಕ್ಯಾಸೆಟ್ಟಿನ ವೈರು ಸಿಕ್ಕಿಸುವ ತೂತು ಇದೆಯಲ್ಲ, ಅದೇ ಕಿವಿ. ಅಲ್ಲಿಗೆ ಒಂದು ಮಿಡಿತ ಬಂದು ಇನ್ನೊಂದು ಮಿಡಿತ ಬರುವವರೆಗಿನ ಹೊತ್ತನ್ನು ಪೆಟ್ಟಿಗೆ ಅಳೆಯಬೇಕು, ಹದಿನಾರು ಸಮಪಾಲು ಮಾಡಬೇಕು, ಒಂದೊಂದು ಪಾಲಿಗೆ ಒಂದೊಂದು ಹೊಡೆತ. ಹರಳು ಕಳ್ಳದಾದರೂ ಚಿಂತೆಯಿಲ್ಲ. ತಪ್ಪು ಅಳತೆಗೋಲಿನಿಂದಲೂ ಒಂದು ರೊಟ್ಟಿಯನ್ನು ಸರಿಯಾಗಿ ಹದಿನಾರು ಮಾಡಬಹುದು. ಐದನೇ ಸಾಲು ಪರದೆಗೆ: ಕಳ್ಳ ಹರಳು ತಿಂದ ಲೆಕ್ಕವನ್ನು ವಾಪಸು ಸೇರಿಸಿ ಇದ್ದ ಅಂಕಿಯನ್ನು ಇದ್ದಂತೆ ತೋರಿಸು.

ಗೋಡೆಯ ನೂರ ಹದಿನಾಲ್ಕನೇ ತೂತಿನಿಂದ ಒಂದು ವೈರು ಎಳೆದು, ಕ್ಯಾಸೆಟ್ಟಿನ ವೈರು ತೆಗೆದು, ಅದನ್ನು ಪೆಟ್ಟಿಗೆಯ ಕಿವಿಗೆ ಸಿಕ್ಕಿಸಿದಳು. ಕೊನೆಗೆ ಸಣ್ಣ ಸ್ಕ್ರೂಡ್ರೈವರು ತೆಗೆದು ಪ್ಲೇಯರಿನ ವೇಗದ ತಿರುಪನ್ನು ಹಿಂದಕ್ಕೆ, ಅನ್ವರ್ ಸಾಬರ ಉಗುರುಬಣ್ಣದ ಗುರುತಿಗೆ, ತಂದು ನಿಲ್ಲಿಸಿದಳು.

ಒಂದೂವರೆಗೆ ಹಾಡು ಹೊರಟಿತು. ಪರದೆಯ ಮೇಲೆ ಐದು ವಾರದಲ್ಲಿ ಮೊದಲ ಸಲ ನಿಜ ಬಂತು: 105.

ಮೊದಲು ನೋಡಿದ್ದು ಮುಂದಿನ ಸಾಲಿನ ಕರಿಸೆರಗಿನ ಹುಡುಗಿ. ಪಕ್ಕದವಳನ್ನು ಮೊಣಕೈಯಿಂದ ತಿವಿದಳು. ಅವಳು ಹಿಂದಿನವಳಿಗೆ ಹೇಳಿದಳು. ಕೈಗಳು ಹೊಲಿಯುತ್ತಲೇ ಇದ್ದವು, ಅವಕ್ಕೆ ನಿಲ್ಲಲು ಬರುತ್ತಿರಲಿಲ್ಲ. ಆದರೆ ತಲೆಗಳು ಒಂದೊಂದಾಗಿ ಮೇಲೆದ್ದವು. ಅರವತ್ತನೇ ಸ್ಟೂಲಿನಲ್ಲಿ ಚಂದ್ರಿ ಪರದೆಯನ್ನು ನೋಡಿ, ತನ್ನ ಹೊಟ್ಟೆಯನ್ನು ನೋಡಿಕೊಂಡು, ಗಾಜಿನ ಕೋಣೆಯ ಕಡೆ ನೋಡಿದಳು. ದೇವೀರಿ ಕಣ್ಣು ತಪ್ಪಿಸಲಿಲ್ಲ.

ಕಟ್ಟಕಡೆಯಲ್ಲಿ ಬೋರಮ್ಮ ಎಂದಿನಂತೆ ಚೂರು ತಡವಾಗಿ ಕಾಲರು ಮುಗಿಸಿದಳು. ಅಷ್ಟಕ್ಕೇ ಇಡೀ ಹಾಲು ಅವಳಿಗಾಗಿ ನಿಧಾನವಾಯಿತು. 103. ನಿಧಾನವಾದ ಹಾಡಿಗೂ ಅವಳು ಚೂರು ತಡವಾದಳು. 100. ಪೆಟ್ಟಿಗೆ ಅವಳನ್ನು ಕಾದಿತು. 96. ಕಾಯುತ್ತಾರೆಂದು ಗೊತ್ತಾದ ಮೈ ಇನ್ನಷ್ಟು ಸಡಿಲವಾಯಿತು. 91. 87. ಎಂಬತ್ತೆರಡಕ್ಕೆ ಬಂದು ಅಂಕಿ ನಿಂತಿತು. ಅದು ಬೋರಮ್ಮನ ಮಂಡಿಯ ವೇಗ. ನೂರ ಹದಿಮೂರು ಹೆಂಗಸರ ಉಸಿರು ಅಲ್ಲಿಗೆ ಇಳಿಯಿತು. ಭುಜಗಳು ಕಿವಿಯ ಹತ್ತಿರದಿಂದ ಕೆಳಗೆ ಬಂದವು. ಯಾರೋ ಆಕಳಿಸಿದರು. ಎಳೆತ ಎಂದರೆ ಎಳೆತ. ಎಳೆಯುವವರು ಯಾರು ಎಂಬುದಷ್ಟೇ ಬೇರೆಯಾಗಿತ್ತು.

ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಶ್ರೀನಿಧಿ ಅಟ್ಟ ಹತ್ತಿ ಓಡಿ ಬಂದ. ಅವನು ಓಡಿದ್ದನ್ನು ಹಾಲು ನೋಡಿದ್ದು ಅದೇ ಮೊದಲು. ಗೋಡೆಯ ವೈರು ಕಿತ್ತ, ಪೆಟ್ಟಿಗೆಯ ಪ್ಲಗ್ಗು ಕಿತ್ತ. ಪರದೆ ಕಪ್ಪಾಯಿತು. ಸ್ಟೂಲುಗಳು ಸುಮ್ಮನಾದವು. ಪೆಟ್ಟಿಗೆಯ ನೆನಪು ತೊಳೆದುಹೋಯಿತು.

“ನಲವತ್ತು ನಿಮಿಷ ಇದೆ,” ಅಂದ, ಏದುಸಿರಿನಲ್ಲಿ. “ಕ್ಯಾಸೆಟ್ ಇಲ್ಲೇ ಇದೆ. ಮೊದಲಿನದ್ದೇ ಲೋಡ್ ಮಾಡಿ.”

ದೇವೀರಿ ಕೈಕಟ್ಟಿ ಕೂತಿದ್ದಳು. ಅವನೇ ಪ್ಲಗ್ಗು ಹಾಕಿ, ಕ್ಯಾಸೆಟ್ಟಿನ ವೈರನ್ನು ಅದರ ತೂತಿಗೆ ಸಿಕ್ಕಿಸಿ, ಕ್ಯಾಸೆಟ್ಟು ತುರುಕಿ, ಗುಂಡಿ ಒತ್ತಿದ. ಕಿರುಚಾಟ ಶುರುವಾಯಿತು. ನಾಲ್ಕೂವರೆ ನಿಮಿಷ ಇಬ್ಬರೂ ಆ ಕಿರುಚಾಟ ಕೇಳುತ್ತ ಕೂತರು. ಕೊನೆಗೆ ಪೆಟ್ಟಿಗೆ ಉಗಿಯಿತು. ಅವನು ಮತ್ತೆ ಒತ್ತಿದ. ಮತ್ತೆ ನಾಲ್ಕೂವರೆ ನಿಮಿಷ. ಮತ್ತೆ ಉಗಿಯಿತು. ಹೀಗೆ ಇನ್ನೂ ಐದು ಸಲ. ಅವನ ಹಣೆಯ ಬೆವರು ಕೀಲಿಮಣೆಯ ಮೇಲೆ ಬಿತ್ತು.

“ಏನು ಮಾಡಿದ್ದೀರಿ ಇದಕ್ಕೆ?”

“ಏನೂ ಇಲ್ಲ. ಸಾಬ್ರು ಇಟ್ಟಿದ್ ಜಾಗದಲ್ಲಿ ಇಟ್ಟಿವ್ನಿ. ಪೆಟ್ಗೆ ನಿಮ್ದು ಓಡ್ತದೆ, ಕ್ಯಾಸೆಟ್ಟು ನಮ್ದು ನಡೀತದೆ. ಎರಡೂ ಕೂಡಕಿಲ್ಲ.”

ಅವನು ಮೇಜಿನ ಮೇಲಿದ್ದ ಸಣ್ಣ ಸ್ಕ್ರೂಡ್ರೈವರನ್ನು ನೋಡಿದ. ಪ್ಲೇಯರನ್ನು ನೋಡಿದ. ಅದರ ಮೈಮೇಲೆ ಹನ್ನೊಂದು ತಿರುಪು. ಯಾವುದೆಂದು ಅವನಿಗೆ ಗೊತ್ತಿಲ್ಲ. ಹಾಲಿನ ತುದಿಗೋಡೆಯ ಕಿಟಕಿಯಾಚೆ, ಗೇಟಿನ ಹತ್ತಿರ, ಇಲಾಖೆಯ ಜೀಪು ನಿಂತಿತು.

“ಕೇಳಿ.” ಅವನ ದನಿ ಮತ್ತೆ ಮೆತ್ತಗಾಯಿತು. “ಜೀಪಿಂದ ಇಳಿದು ಇಲ್ಲಿಗೆ ಬರೋಕೆ ಹತ್ತು ನಿಮಿಷ. ನಿಮಗೆ ಐದು ಸಾಕು. ತಿರುಗಿಸಿ, ಲೋಡ್ ಮಾಡಿ, ರುಜು ಹಾಕಿ. ಇವತ್ತಿನದ್ದು ನಾನು ಮರೆತೆ. ಇಲ್ಲಾಂದ್ರೆ ಹದಿಮೂರು ಜನರದ್ದೂ ನಿಮ್ಮ ತಲೆ ಮೇಲೇ ಬರುತ್ತೆ. ಬಿಚ್ಚಿದ್ದು ನೀವು, ಬೆಸುಗೆ ನಿಮ್ಮದು ಅಂತ ನಾನೇ ಹೇಳ್ತೀನಿ. ಈ ಬಾಗಿಲಿಂದ ನೀವು ಹೋಗೋದು ಸೀದಾ ಪೊಲೀಸ್ ಜೀಪಿಗೆ. ಅರ್ಥ ಆಯ್ತಾ?”

ಅರ್ಥವಾಗಿತ್ತು. ಬಾಗಿಲು ಮುಚ್ಚಿತ್ತು, ಕಾರ್ಡು ಅವನ ಕೊರಳಲ್ಲಿತ್ತು.

ಸ್ಕ್ರೂಡ್ರೈವರನ್ನು ಅವನು ಹಿಡಿಕೆ ಅವಳ ಕಡೆ ಮಾಡಿ ಚಾಚಿದ, ಹಿರಿಯರಿಗೆ ಕೊಡುವ ಹಾಗೆ.

ದೇವೀರಿ ಅದನ್ನು ತೆಗೆದುಕೊಂಡಳು. ಗಾಜಿನಾಚೆ ನೋಡಿದಳು. ಹಾಡು ನಿಂತು ಹೊತ್ತಾಗಿತ್ತು. ಆದರೂ ಹಾಲು ಹೊಲಿಯುತ್ತಿತ್ತು, ಆತುರವಿಲ್ಲದೆ. ಕಟ್ಟಕಡೆಯಲ್ಲಿ ಬೋರಮ್ಮನ ಬಾಯಿ ಆಡುತ್ತಿತ್ತು. ಅವಳ ಮುಂದಿನವಳ ಬಾಯಿಯೂ. ಅದರ ಮುಂದಿನವಳದೂ. ಗಾಜು ಒಂದು ಸೊಲ್ಲನ್ನೂ ಒಳಗೆ ಬಿಡಲಿಲ್ಲ. ತುಟಿ ನೋಡಿ ಅವಳು ಓದಿಕೊಂಡಳು. ಅರವತ್ತನೇ ಸ್ಟೂಲಿನವರೆಗೂ ಬಂದಿತ್ತು. ಚಂದ್ರಿಯ ಕೈ ತಡೆದು, ಬಟ್ಟೆ ಸರಿಸಿ, ತನಗೆ ಬೇಕಾದಾಗ ಬಿತ್ತು.

ಮೆಟ್ಟಿಲ ಮೇಲೆ ಬೂಟಿನ ಸದ್ದು ನಡುಕವಾಗಿ ನೆಲದಿಂದ ಹತ್ತಿತು.

ದೇವೀರಿ ಸ್ಕ್ರೂಡ್ರೈವರನ್ನು ಮೇಜಿನ ಮೇಲೆ, ಅವನಿಗೂ ತನಗೂ ನಡುವೆ, ಇಟ್ಟಳು. ರುಜುವಿನ ಪುಸ್ತಕವನ್ನು ಮುಚ್ಚಿ ಅದರ ಪಕ್ಕ ಇಟ್ಟಳು.

“ಬೇಗ,” ಅಂದ ಶ್ರೀನಿಧಿ. “ತಿರುಗಿಸಿ.”

“ತಿರುಗ್ಸಕಿಲ್ಲ ಸಾರ್.”